ಬೆಕ್ಕಿನ ಬಿಲ್ಲೆ

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬುದು ಬಹಳ ಹಳೆಯ ಪ್ರಶ್ನೆ. ಇಲಿಗಳ ಸಭೆಯಲ್ಲಿ ಹುಟ್ಟಿದ ಆ ಪ್ರಶ್ನೆಗೆ ಇಂದಿಗೂ ಉತ್ತರ ದೊರೆತಿಲ್ಲ. ಆದರೆ ಬೆಕ್ಕಿಗೆ ಬಿಲ್ಲೆ ಕಟ್ಟಿದವರನ್ನು ನಾನು ಬಲ್ಲೆ. ಕಟ್ಟಿಸಿಕೊಂಡ ಬೆಕ್ಕು, ಮೈಸೂರಿನ ಅಗ್ರಹಾರದಲ್ಲಿ ನೂರೊಂದು ಗಣಪತಿಯ ಗುಡಿಗೆ ಕೂಗಳತೆಯಲ್ಲಿರುವ ನಮ್ಮ ಮನೆಯದೇ. ಹೆಸರು ಗುಂಡ. ವಯಸ್ಸು ಹತ್ತು, ತೂಕ ಒಂದು ಕಾಲಕ್ಕೆ ಏಳು ಕಿಲೋ.

ಕಳೆದ ವರ್ಷ ಗುಂಡ ನೀರಿನ ಬಟ್ಟಲನ್ನು ಬಿಟ್ಟೇಳದಾದ. ಎಷ್ಟು ತಿಂದರೂ ಮೈ ಇಳಿಯುತ್ತ ಬಂದಿತು. ಒಂದೇ ನೆಗೆತಕ್ಕೆ ಕಾಂಪೌಂಡು ಹಾರುತ್ತಿದ್ದವನು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ಮುದುಕನಂತೆ ನಡೆಯತೊಡಗಿದ. ಹಿತ್ತಲಲ್ಲಿ ಅವನು ಕುಳಿತೆದ್ದ ಜಾಗಕ್ಕೆ ಇರುವೆ ಮುತ್ತಿದ್ದನ್ನು ಮೊದಲು ಕಂಡವರು ನಮ್ಮ ಅಜ್ಜಿ. "ಇವನಿಗೂ ನನ್ನ ಖಾಯಿಲೆಯೇ ಕಣೋ" ಎಂದರು. ನಮ್ಮ ಪ್ರಾಚೀನ ವೈದ್ಯರು ಮಧುಮೇಹವನ್ನು ಗುರುತಿಸಿದ್ದೂ ಇದೇ ಇರುವೆಗಳ ಸಾಕ್ಷ್ಯದಿಂದ. ಅಜ್ಜಿ ಯಾವ ವೈದ್ಯಗ್ರಂಥವನ್ನೂ ಓದಿದವರಲ್ಲ.

ಬುಟ್ಟಿಯಲ್ಲಿ ಕೂರಿಸಿ, ಆಟೋ ಹತ್ತಿಸಿ, ನಾಯಿಗಳ ಬೊಗಳಾಟದ ನಡುವೆ ಅವನನ್ನು ಪಶುವೈದ್ಯರ ಮುಂದಿಟ್ಟಾಗ ರಕ್ತದ ಸಕ್ಕರೆ 410 ಎಂದು ಬಂದಿತು. ವೈದ್ಯರು ಆ ಅಂಕಿಯನ್ನು ನಂಬಲಿಲ್ಲ. ಬೆಕ್ಕಿಗೆ ಹೆದರಿಕೆಯಾದರೆ ಸಾಕು, ರೋಗವಿಲ್ಲದಿದ್ದರೂ ಸಕ್ಕರೆ ಮುನ್ನೂರಕ್ಕೆ ಏರಬಲ್ಲುದಂತೆ! ಪರೀಕ್ಷೆಯ ಕೊಠಡಿಯಲ್ಲಿ ಓದಿದ್ದೆಲ್ಲವೂ ಮರೆತುಹೋಗುವ ನಮ್ಮ ಸಹಪಾಠಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಿಂದಿನ ಒಂದೆರಡು ವಾರಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸಿದ ಮೇಲೆಯೇ ಅವರು ಮಧುಮೇಹವೆಂದು ನಿಶ್ಚಯಿಸಿ, ಹನ್ನೆರಡು ಗಂಟೆಗೊಮ್ಮೆ ಒಂದು ಯೂನಿಟ್ ಇನ್ಸುಲಿನ್ ಗೊತ್ತುಮಾಡಿದರು.

ಕಷ್ಟವಿದ್ದದ್ದು ಅದರ ಪ್ರಮಾಣದಲ್ಲಿ. ಇನ್ಸುಲಿನ್ ಕಡಿಮೆಯಾದರೆ ರೋಗ ಮುಂದುವರಿಯುತ್ತದೆ. ಹೆಚ್ಚಾದರೆ ಸಕ್ಕರೆ ಕುಸಿದು ಪ್ರಾಣಿ ತೂರಾಡಿ, ಸೆಳವು ಬಂದು, ಸಾಯಲೂಬಹುದು. ಪ್ರಮಾಣವನ್ನು ನಿರ್ಧರಿಸಲು ದಿನವೆಲ್ಲ ಆಸ್ಪತ್ರೆಯಲ್ಲಿರಿಸಿಕೊಂಡು ಎರಡು ಗಂಟೆಗೊಮ್ಮೆ ಕಿವಿ ಚುಚ್ಚಿ ನೋಡುವುದು ರೂಢಿ. ಆದರೆ ಹೆದರಿದ ಬೆಕ್ಕಿನ ಲೆಕ್ಕ ಮನೆಯ ಬೆಕ್ಕಿಗೆ ಹೇಗೆ ಹೊಂದೀತು? ಆಗ ಬಂದದ್ದು ಈ ಬಿಲ್ಲೆ.

ಫ್ರೀಸ್ಟೈಲ್ ಲಿಬ್ರೆ ಎಂಬ ಈ ಸಾಧನ 2014ರಲ್ಲಿ ಯೂರೋಪಿನಲ್ಲಿ ಮನುಷ್ಯರಿಗಾಗಿ ಮಾರಾಟಕ್ಕೆ ಬಂದದ್ದು. ಅನಂತರ ಪಶುವೈದ್ಯರು ಅದನ್ನು ನಾಯಿ ಬೆಕ್ಕುಗಳಿಗೂ ಹಚ್ಚಿ ನೋಡಿದರು. ನಾಣ್ಯದಷ್ಟಗಲದ ಬಿಳಿಯ ಬಿಲ್ಲೆ. ಅದರ ಕೆಳಗೆ ಸುಮಾರು ಐದು ಮಿಲಿಮೀಟರಿನ, ಕೂದಲಿನಂಥ ಎಳೆ. ಗುಂಡನ ಬೆನ್ನ ಮೇಲೆ ರೋಮ ಬೋಳಿಸಿ, ಒರೆಸಿ, ಒತ್ತಿದರು. ಅವನು ಒಮ್ಮೆ ಕಿವಿ ಹಿಂದಕ್ಕೆ ಮಾಡಿದ, ಅಷ್ಟೆ. ಎಳೆಯು ರಕ್ತವನ್ನು ಮುಟ್ಟುವುದಿಲ್ಲ. ಚರ್ಮದಡಿ ಜೀವಕೋಶಗಳ ನಡುವಣ ದ್ರವದಲ್ಲಿರುವ ಸಕ್ಕರೆಯನ್ನು ಅಳೆಯುತ್ತದೆ. ಆದ್ದರಿಂದ ಅದರ ಅಂಕಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ. ಎಂಟು ಗಂಟೆಗೊಮ್ಮೆಯಾದರೂ ಫೋನನ್ನು ಹತ್ತಿರ ಹಿಡಿದರೆ ಹಗಲಿರುಳಿನ ಏರಿಳಿತವೆಲ್ಲ ಗೆರೆಯಾಗಿ ಮೂಡುತ್ತದೆ. ಅರಮನೆಯ ಜವಾನರಂತೆ ಬಿಲ್ಲೆ ಧರಿಸಿ ಗುಂಡ ಜಗಲಿಯ ಮೇಲೆ ಗಂಭೀರವಾಗಿ ಕುಳಿತ.

ಐದನೆಯ ರಾತ್ರಿ ಓದುತ್ತ ಕುಳಿತಿದ್ದವನು ಎರಡು ಗಂಟೆಗೆ ಫೋನು ಹಿಡಿದೆ. 58, ಪಕ್ಕದಲ್ಲಿ ಕೆಳಮುಖದ ಬಾಣ. ಗುಂಡ ನನ್ನ ಚಾಪೆಯ ಮೇಲೆ ಸುಖವಾಗಿ ಮಲಗಿರುವಂತೆ ಕಾಣುತ್ತಿದ್ದ. ನೋಡಿದವರು ನಿದ್ರೆಯೆಂದೇ ಹೇಳುತ್ತಿದ್ದರು. ಕೆಳಗಿನ ಅಂಕಿಗಳಲ್ಲಿ ಯಂತ್ರ ತಪ್ಪಬಹುದೆಂದು ವೈದ್ಯರು ಹೇಳಿದ್ದುದರಿಂದ ಕಿವಿಯಂಚಿನ ಒಂದು ಹನಿ ರಕ್ತ ತೆಗೆದು ನೋಡಿದೆ. 54. ಅಜ್ಜಿ ಎದ್ದು ಬಂದು ಜೇನುತುಪ್ಪವನ್ನು ಅವನ ವಸಡಿಗೆ ಸವರಿದರು; ಅನಂತರ ಊಟ ಮಾಡಿಸಿದೆವು. ಗೆರೆ ಮೇಲೇಳುವ ಹೊತ್ತಿಗೆ ಬೀದಿಯಲ್ಲಿ ಹಾಲಿನವನ ಸೈಕಲ್ಲು ಸದ್ದಾಯಿತು. ಬೆಳಿಗ್ಗೆ ವೈದ್ಯರು ಪ್ರಮಾಣವನ್ನು ಅರ್ಧಕ್ಕಿಳಿಸಿದರು. ಬಿಲ್ಲೆಯಿಲ್ಲದಿದ್ದರೆ ಆ ನಿದ್ರೆ ಎಲ್ಲಿಗೆ ಮುಟ್ಟುತ್ತಿತ್ತೋ!

ಇನ್ನೊಂದು ಸಂಕಟ ಪಥ್ಯದ್ದು. ಬೆಕ್ಕು ಹುಟ್ಟಾ ಮಾಂಸಾಹಾರಿ. ಮೊಸರನ್ನ ಬಿಡಿಸಿ ಮಾಂಸದ ಆಹಾರ ಕೊಡಬೇಕೆಂದು ವೈದ್ಯರ ಅಪ್ಪಣೆ. ಈರುಳ್ಳಿ ಬಂದರೇ ಮುಖ ಸಿಂಡರಿಸುವ ಅಡುಗೆಮನೆಯ ಅಜ್ಜಿ ಒಂದು ದಿನವೆಲ್ಲ ಮಾತನಾಡಲಿಲ್ಲ. ಮರುದಿನ ಹಿತ್ತಲಿನಲ್ಲಿ ಬೇರೆ ತಟ್ಟೆ, ಬೇರೆ ಚಮಚ ಕಾಣಿಸಿಕೊಂಡವು. "ಅವನ ಧರ್ಮ ಅವನಿಗೆ" ಎಂದರು.

ಎದುರುಮನೆಯ ರಾಯರು ಕೇಳಿದರು: "ಮನುಷ್ಯರಿಗೇ ಗತಿಯಿಲ್ಲದ ಕಾಲದಲ್ಲಿ ಬೆಕ್ಕಿಗೆ ಇಷ್ಟು ದುಡ್ಡೇನಯ್ಯ?" ಪ್ರಶ್ನೆ ನ್ಯಾಯವಾದದ್ದೇ. ಒಂದು ಬಿಲ್ಲೆಗೆ ಸಾವಿರಾರು ರೂಪಾಯಿ. ಹದಿನಾಲ್ಕು ದಿನಕ್ಕೆ ಅದರ ಆಯುಸ್ಸು ಮುಗಿಯುತ್ತದೆ. ಗುಂಡನ ಮೊದಲನೆಯದು ಒಂಬತ್ತನೆಯ ದಿನವೇ ಕಿತ್ತುಬಂದಿತು. ಎರಡೇ ಬಿಲ್ಲೆ ತಂದೆವು. ಪ್ರಮಾಣ ನಿಂತ ಮೇಲೆ ಕಿವಿಯ ಹನಿ, ತೂಕ, ನೀರಿನ ಬಟ್ಟಲು ಇವುಗಳಿಂದಲೇ ನಡೆಯುತ್ತಿದೆ. ಆದರೂ ರಾಯರ ಮಾತು ನನ್ನನ್ನು ಬಿಡಲಿಲ್ಲ. ಎಷ್ಟೋ ಮನೆಗಳಲ್ಲಿ ಎಷ್ಟೋ ಅಜ್ಜಿಯರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡ ಒಂದು ಅಂಕಿಯನ್ನೇ ನಂಬಿಕೊಂಡು ಉಳಿದ ಇಪ್ಪತ್ತೊಂಬತ್ತು ದಿನಗಳನ್ನು ಕತ್ತಲಲ್ಲಿ ಕಳೆಯುತ್ತಾರೆ. ನಮ್ಮ ಅಜ್ಜಿಯೂ ಅವರಲ್ಲೊಬ್ಬರು. "ಅದು ನೋಯುವುದಿಲ್ಲವೇನೋ?" ಎಂದು ಅವರು ನನ್ನನ್ನು ಕೇಳಿದ್ದು ಗುಂಡನ ಬೆನ್ನನ್ನು ಸವರುತ್ತ. ಈ ತಿಂಗಳ ಬಿಲ್ಲೆ ಅಜ್ಜಿಯ ತೋಳಿನ ಮೇಲಿದೆ.