ಮಣೆ ಮೇಲಿನ ಸಕ್ಕರೆ

ದಸರಾ ರಜೆಗೆ ಕುಟ್ಟಕ್ಕೆ ಹೋದಾಗ ನನ್ನ ತಲೆ ತುಂಬಾ ಕೇದಾರಕಂಠವೇ. ಡಿಸೆಂಬರ್‌ನಲ್ಲಿ ಎಕ್ಸಾಮ್ ಮುಗಿಸಿ ನಾವು ಐದು ಜನ ಗೈಡ್ ಇಲ್ಲದೇ ಹಿಮಾಲಯ ಹತ್ತೋದು ಅಂತ ಪ್ಲಾನ್. "ಸೀಸನ್ ಶುರುವಿನಲ್ಲಿ ಹಿಮ ಕಡಿಮೆ, ಅಪಾಯವೂ ಕಡಿಮೆ" ಅಂತ ಎಲ್ಲರನ್ನೂ ಒಪ್ಪಿಸಿದವನು ನಾನೇ.

ಮಾವ ಸೇನೆಯಲ್ಲಿದ್ದಾಗ ಮೂರು ಚಳಿಗಾಲ ಕಾಶ್ಮೀರದಲ್ಲಿ ಕಳೆದವರು. ಅವರ ಮುಂದೆಯೂ ಅದೇ ಡೈಲಾಗ್ ಹೊಡೆದೆ. ಅವರು ಬೈಯಲಿಲ್ಲ. ಅಡುಗೆಮನೆಯಿಂದ ಮಣೆ ತಂದು, ತೆಳ್ಳಗೆ ಸಕ್ಕರೆ ಹರಡಿ, ಮೇಲೆ ಅಕ್ಕಿಹಿಟ್ಟು ಸುರಿದು ಅಂಗೈಯಿಂದ ಒತ್ತಿದರು. "ಈಗ ಒಂದು ಕಡೆ ಎತ್ತು" ಅಂದರು. ಸ್ವಲ್ಪ ಎತ್ತಿದೆ, ಏನೂ ಆಗಲಿಲ್ಲ. ಇನ್ನೂ ಸ್ವಲ್ಪ ಎತ್ತಿದ್ದೇ ತಡ, ಹಿಟ್ಟಿನ ಪದರ ಇಡಿಯಾಗಿ ಜಾರಿ ನನ್ನ ಕಾಲ ಮೇಲೆ ಬಿತ್ತು.

"ಮೊದಲ ಹಿಮ ತೆಳ್ಳಗಿರ್ತದೆ. ಕೆಳಗೆ ನೆಲ ಸೊನ್ನೆ ಡಿಗ್ರಿ ಹತ್ತಿರ, ಮೇಲೆ ಗಾಳಿ ಮೈನಸ್ ಹದಿನೈದು. ಆ ವ್ಯತ್ಯಾಸಕ್ಕೆ ತಳದ ಹಿಮ ಸಕ್ಕರೆ ಹರಳಿನ ಹಾಗಾಗ್ತದೆ, ಒಂದಕ್ಕೊಂದು ಅಂಟೋದಿಲ್ಲ. ಆಮೇಲೆ ಬಿದ್ದ ಹಿಮ, ಗಾಳಿ ತಂದು ಒತ್ತಿದ ಹಿಮ ಅದರ ಮೇಲೆ ಕೂತಿರ್ತದೆ. ನೀನು ಕಾಲಿಟ್ಟರೆ ಸಾಕು."

ಶಿಯರ್ ಸ್ಟ್ರೆಂಗ್ತ್ ಬಗ್ಗೆ ಹತ್ತು ಮಾರ್ಕಿನ ಉತ್ತರ ಬರೆದವನಿಗೆ ಮಣೆ ಮುಂದೆ ಮಾತೇ ಬರಲಿಲ್ಲ. 2018ರಲ್ಲಿ ಮಡಿಕೇರಿ ಕಡೆ ಗುಡ್ಡಗಳು ಕುಸಿದಾಗ ನಾನು ಸ್ಕೂಲಲ್ಲಿದ್ದೆ. ಮೇಲೆ ಹಸಿರಾಗಿದ್ದ ಮಾತ್ರಕ್ಕೆ ಗುಡ್ಡ ಗಟ್ಟಿಯಲ್ಲ ಅಂತ ಆಗಲೇ ಗೊತ್ತಾಗಿತ್ತು. ಹಿಮಕ್ಕೂ ಅದೇ ಲೆಕ್ಕ ಅಂತ ಹೊಳೆದಿರಲಿಲ್ಲ.

ರಾತ್ರಿ ಕೂತು ಓದಿದೆ. 2022ರ ಅಕ್ಟೋಬರ್ 4ರಂದು ಉತ್ತರಕಾಶಿ ಜಿಲ್ಲೆಯ ದ್ರೌಪದಿ ಕಾ ದಂಡಾದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ. ಬೋಧಕರು ಜೊತೆಗಿದ್ದರೂ 29 ಮಂದಿ ಜೀವಂತ ಮರಳಲಿಲ್ಲ. ಸೀಸನ್ನಿನ ಶುರುವಿನಲ್ಲೇ!

ಮರುದಿನ ಮಾವ ಹೇಳಿದ್ದನ್ನು ನೋಟ್ಸ್ ಮಾಡಿಕೊಂಡೆ. ಹೆಚ್ಚಿನ ಹಿಮಕುಸಿತ ಆಗೋದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಫೋನಿನಲ್ಲೇ ಕೋನ ಅಳೆಯಬಹುದು. ಅಂಥ ಇಳಿಜಾರಿನ ಬುಡದಲ್ಲೂ ನಿಲ್ಲಬಾರದು. ಹೊಸ ಹಿಮ ಬಿದ್ದ ಅಥವಾ ಜೋರು ಗಾಳಿ ಬೀಸಿದ ಮೊದಲ 24 ಗಂಟೆ ತುಂಬಾ ಹುಷಾರು; ತಳದಲ್ಲಿ ಸಕ್ಕರೆ ಪದರವಿದ್ದರೆ ವಾರಗಟ್ಟಲೆ ಅಪಾಯ. ದಾಟಲೇಬೇಕಾದರೆ ಒಬ್ಬೊಬ್ಬರಾಗಿ. ಹೂತವರನ್ನು 10-15 ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಆಮೇಲೆ ಬೇಗ ಕುಸಿಯುತ್ತೆ. ಅಂದರೆ ಹೊರಗಿನಿಂದ ಸಹಾಯ ಬರೋವರೆಗೆ ಕಾಯೋಕೆ ಆಗಲ್ಲ. ಸಿಗ್ನಲ್ ಕೊಡುವ ಬೀಕನ್, ಚುಚ್ಚಿ ಹುಡುಕುವ ಉದ್ದ ಕೋಲು, ಸಲಿಕೆ ಪ್ರತಿಯೊಬ್ಬರ ಹತ್ತಿರವೂ ಇರಬೇಕು, ಬಳಸೋದೂ ಗೊತ್ತಿರಬೇಕು. ನಮ್ಮ ಲಿಸ್ಟಿನಲ್ಲಿ ಇದ್ದದ್ದು ಪವರ್‌ಬ್ಯಾಂಕ್ ಮತ್ತು ಮ್ಯಾಗಿ.

ಗ್ರೂಪಿಗೆ ಮೆಸೇಜ್ ಹಾಕಿದೆ: "ನಾನು ಹೇಳಿದ್ದು ತಪ್ಪು. ಗೈಡ್ ಇಲ್ಲದೇ ನಾನು ಬರಲ್ಲ."

"ಹೆದರ್ಕೊಂಡ್ಯಾ ಮಗಾ?" ಅಂತ ಒಬ್ಬ ಕೇಳಿದ.

"ಹೂಂ" ಅಂದೆ.

ಈಗ ಅಲ್ಲಿನ ಗೈಡ್ ಜೊತೆಗೆ ಹೋಗೋದು ಅಂತ ಆಗಿದೆ. ಇನ್ನೊಂದು ರೂಲ್ ಮಾಡಿಕೊಂಡಿದ್ದೇವೆ: ಐವರಲ್ಲಿ ಒಬ್ಬರು "ವಾಪಸ್" ಅಂದರೂ ವಾಪಸ್. ಯಾಕೆ ಅಂತ ಕೆಳಗಿಳಿದ ಮೇಲೆ, ಟೀ ಕುಡೀತಾ ಕೇಳೋಣ.