ಸುಗ್ರೀವನ ಭೂಗೋಳ

ನನ್ನ ಮನೆಯಿರುವುದು ಬೆಂಗಳೂರಿನ ಪಡುವಣ ಭಾಗದ ವಿಜಯನಗರಕ್ಕೆ ಸೇರಿದ ಹಂಪಿನಗರದಲ್ಲಿ. ಹೆಸರನ್ನು ಕೇಳಿದ ಪರಸ್ಥಳದವರು ತುಂಗಭದ್ರೆಯನ್ನೂ ವಿರೂಪಾಕ್ಷನನ್ನೂ ನೆನೆದಾರು. ಇಲ್ಲಿ ಅವೆರಡೂ ಇಲ್ಲ. ಒತ್ತಾಗಿ ಕಟ್ಟಿದ ಮನೆಗಳೂ ಎಡೆಬಿಡದ ವಾಹನಗಳ ಸದ್ದೂ ಇವೆ. ಆದರೆ ಒಂದು ಸಾರ್ವಜನಿಕ ಗ್ರಂಥಾಲಯವಿದೆ. ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಗನು ಅಲ್ಲಿಂದ ಒಂದು ಇಂಗ್ಲಿಷ್ ಕಥೆಯ ಪುಸ್ತಕವನ್ನು ತಂದನು. ಅದರ ಮೊದಲ ಪುಟದಲ್ಲಿ ಎಲ್ಲಿಯೂ ಇಲ್ಲದ ಒಂದು ದೇಶದ ನಕ್ಷೆ: ಘೋರವಾದ ಕಾಡು, ಹಿಮದ ಬೆಟ್ಟ, ಅಲ್ಲಲ್ಲಿ ವಾಸಿಸುವ ವಿಚಿತ್ರ ಜನಾಂಗಗಳ ಹೆಸರು. ಅದನ್ನು ನನಗೆ ತೋರಿಸಿ, “ತಾತ, ನಮ್ಮವರು ಇಂಥದನ್ನು ಯಾಕೆ ಬರೆಯಲಿಲ್ಲ?” ಎಂದು ಕೇಳಿದನು.

ಪಾಠಶಾಲೆಯಲ್ಲಿ ಓದಿದವನಿಗೆ ಇಂಥ ಪ್ರಶ್ನೆ ಚುರುಕೆನ್ನುವುದು ಸಹಜ. ಕೂಡಲೇ ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡವನ್ನು ತೆಗೆದು ಅವನ ಮುಂದೆ ಕುಳಿತೆನು. ಸೀತೆಯನ್ನು ಹುಡುಕಲು ಸುಗ್ರೀವನು ವಾನರರನ್ನು ನಾಲ್ಕು ದಿಕ್ಕಿಗೂ ಕಳುಹಿಸುವ ಸಂದರ್ಭವದು. ಪೂರ್ವಕ್ಕೆ ವಿನತ, ದಕ್ಷಿಣಕ್ಕೆ ಅಂಗದ ಹನುಮಂತಾದಿಗಳು, ಪಶ್ಚಿಮಕ್ಕೆ ಸುಷೇಣ, ಉತ್ತರಕ್ಕೆ ಶತಬಲಿ. ಅವಧಿ ಒಂದೇ ತಿಂಗಳು, ಮೀರಿದವರಿಗೆ ಮರಣದಂಡನೆ. ಹೊರಡುವವರಿಗೆ ದಾರಿಯ ವಿವರವನ್ನು ಸುಗ್ರೀವನೇ ಹೇಳುತ್ತಾನೆ. ಮಗಧ, ಅಂಗ, ಗೋದಾವರಿ, ಕಾವೇರಿ ಎಂದು ಗುರುತಿನ ಹೆಸರುಗಳಿಂದ ಹೊರಟ ಮಾತು ಬರಬರುತ್ತ ಅದ್ಭುತದ ಸೀಮೆಯನ್ನು ಹೊಗುತ್ತದೆ. ಪೂರ್ವದಲ್ಲಿ ಕಿವಿಯನ್ನೇ ಹೊದಿಕೆಯಾಗಿ ಹೊದೆಯುವ ಜನ, ಒಂಟಿ ಕಾಲಿನಲ್ಲಿಯೇ ವೇಗವಾಗಿ ಓಡುವ ಜನ, ಕೆಂಪು ನೀರಿನ ಕಡಲು. ಗಿರಿಶಿಖರಗಳಲ್ಲಿ ತಲೆಕೆಳಗಾಗಿ ಜೋತುಬಿದ್ದು, ಪ್ರತಿದಿನವೂ ಸೂರ್ಯೋದಯದಲ್ಲಿ ನೀರಿಗೆ ಬಿದ್ದು, ಮತ್ತೆ ಹತ್ತಿ ಜೋಲುವ ಮಂದೇಹರೆಂಬ ರಾಕ್ಷಸರು. ಪಶ್ಚಿಮದಲ್ಲಿ ಸಿಂಧುವು ಸಮುದ್ರವನ್ನು ಸೇರುವಲ್ಲಿ ಒಂದು ಬೆಟ್ಟ. ಅಲ್ಲಿಯ ರೆಕ್ಕೆಯ ಸಿಂಹಗಳು ತಿಮಿಗಳನ್ನೂ ಆನೆಗಳನ್ನೂ ಗೂಡಿಗೆ ಎತ್ತಿಕೊಂಡು ಹೋಗುತ್ತವೆ. ಉತ್ತರದಲ್ಲಿ ಶೈಲೋದೆಯೆಂಬ ನದಿ. ಅದರ ಎರಡು ದಡದ ಬಿದಿರುಗಳೇ ಸಿದ್ಧರನ್ನು ಆಚೀಚೆ ದಾಟಿಸುತ್ತವೆ. ಹುಡುಗನು ಇಂಗ್ಲಿಷ್ ಪುಸ್ತಕವನ್ನು ಮಡಿಸಿಟ್ಟನು. ನನಗೂ ಸ್ವಲ್ಪ ಗರ್ವ ಬಂದಿತೆಂದು ಒಪ್ಪಿಕೊಳ್ಳುತ್ತೇನೆ.

ಈ ವರ್ಣನೆಯಲ್ಲಿ ನನಗೆ ಯಾವಾಗಲೂ ಹಿಡಿಸಿದ ಸಂಗತಿ ಬೇರೊಂದುಂಟು. ಪೂರ್ವದ ಕೊನೆಯನ್ನು ಮುಟ್ಟಿದಾಗ ಸುಗ್ರೀವನು, ವಾನರರು ಹೋಗಬಹುದಾದುದು ಇಷ್ಟೇ ದೂರ, ಅದರಾಚೆ ಸೂರ್ಯನಿಲ್ಲ, ಮೇರೆಯಿಲ್ಲ, ಮುಂದಿನದು ನಮಗೆ ತಿಳಿಯದು ಎನ್ನುತ್ತಾನೆ. ಪಶ್ಚಿಮದ ಕೊನೆಯಲ್ಲಿಯೂ ಅದೇ ಮಾತು. ಆನೆಯನ್ನು ಹೊತ್ತೊಯ್ಯುವ ಸಿಂಹವನ್ನು ಕಲ್ಪಿಸಿದ ಕವಿಗೆ ಇನ್ನೊಂದು ದ್ವೀಪವನ್ನು ಕಲ್ಪಿಸುವುದು ಕಷ್ಟವೇ? ಆದರೂ ಆತನು ತನ್ನ ಪಾತ್ರದ ಬಾಯಿಂದ ‘ತಿಳಿಯದು’ ಎಂದೇ ಹೇಳಿಸಿದನು.

ವಾನರರು ಹೊರಟುಹೋದ ಮೇಲೆ ರಾಮನು, ಈ ಭೂಮಂಡಲವೆಲ್ಲ ನಿನಗೆ ಹೇಗೆ ತಿಳಿಯಿತು ಎಂದು ಸುಗ್ರೀವನನ್ನು ಕೇಳುತ್ತಾನೆ. ಉತ್ತರ ಸರಳವಾದುದು. ವಾಲಿಯು ಕೊಲ್ಲಲು ಅಟ್ಟಿಸಿಕೊಂಡು ಬಂದಾಗ ಪ್ರಾಣಭಯದಿಂದ ಪೂರ್ವಕ್ಕೆ ಓಡಿದೆನು, ಅಲ್ಲಿಯೂ ಬಂದನು. ದಕ್ಷಿಣಕ್ಕೆ ಓಡಿದೆನು, ಪಶ್ಚಿಮಕ್ಕೆ ಓಡಿದೆನು, ಉತ್ತರಕ್ಕೆ ಓಡಿದೆನು. ಹೀಗೆ ಭೂಮಿಯನ್ನೆಲ್ಲ ಕಂಡೆನು. ಕಡೆಗೆ ಹನುಮಂತನು ಮತಂಗಮುನಿಯ ಶಾಪವನ್ನು ನೆನಪಿಸಿದನು: ಆ ಆಶ್ರಮದ ನೆಲವನ್ನು ಮೆಟ್ಟಿದರೆ ವಾಲಿಯ ತಲೆ ಒಡೆದುಹೋಗುವುದು. ಆದುದರಿಂದ ಋಷ್ಯಮೂಕದಲ್ಲಿ ನಿಂತೆನು.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನನ್ನ ಧ್ವನಿ ಕುಗ್ಗಿತು. ಮೊಮ್ಮಗನಿಗೆ ಕಾರಣ ತಿಳಿಯಲಿಲ್ಲ. ವಾಚಕರಿಗೆ ತಿಳಿಸುತ್ತೇನೆ.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ರಾಜಾಜಿನಗರದ ಒಂದು ಶಾಲೆಯಲ್ಲಿ ಸಂಸ್ಕೃತ, ಕನ್ನಡಗಳ ಉಪಾಧ್ಯಾಯನಾಗಿದ್ದೆನು. ಒಂದು ದಿನ ಭೂಗೋಳದ ಉಪಾಧ್ಯಾಯರು ಬಾರದಿರಲು ಏಳನೆಯ ತರಗತಿಗೆ ನಾನೇ ಹೋದೆನು. ಬೆಂಗಳೂರಿನಿಂದ ಉತ್ತರಕ್ಕೆ ತುಂಗಭದ್ರೆಯವರೆಗೆ ಯಾವ ಯಾವ ಊರುಗಳು ಸಿಕ್ಕುವುವೆಂದು ಕೇಳಿದೆನು. ಮುಂದಿನ ಸಾಲಿನವರು ಸುಮ್ಮನಿದ್ದರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದನು. ಅವನ ತಂದೆ ತಾಯಿಗಳು ಗಂಗಾವತಿಯ ಕಡೆಯಿಂದ ಗಾರೆಕೆಲಸಕ್ಕೆ ಬಂದು, ಬಸವೇಶ್ವರನಗರದಲ್ಲಿ ಕಟ್ಟುತ್ತಿದ್ದ ಒಂದು ಮನೆಯ ಪಕ್ಕದಲ್ಲಿ ತಗಡಿನ ಶೆಡ್ಡಿನಲ್ಲಿದ್ದರು. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ಹೊಸಪೇಟೆ ಎಂದು ತಪ್ಪದೆ ಹೇಳಿದುದಲ್ಲದೆ, ಯಾವ ಊರಿನ ಬಸ್ ನಿಲ್ದಾಣದಲ್ಲಿ ರಾತ್ರಿ ಮಲಗಗೊಡುವರು, ಎಲ್ಲಿ ಎಬ್ಬಿಸಿ ಓಡಿಸುವರು, ಎಲ್ಲಿಯ ನಲ್ಲಿಯಲ್ಲಿ ನೀರು ಬರುವುದು ಎಂಬುದನ್ನೂ ಹೇಳಹತ್ತಿದನು. ನನಗೆ ಅದು ಅಧಿಕಪ್ರಸಂಗವಾಗಿ ಕಂಡಿತು. “ಇದನ್ನೆಲ್ಲ ಯಾವ ಕಪಿ ಹೇಳಿಕೊಟ್ಟಿತೋ ನಿನಗೆ?” ಎಂದೆನು. ತರಗತಿ ನಕ್ಕಿತು. ಹುಡುಗನು ಕುಳಿತುಕೊಂಡನು. ಮುಂದೆ ಎರಡು ವಾರಗಳಲ್ಲಿ ಅವನು ಬರುವುದು ನಿಂತಿತು. ಮನೆ ಕಟ್ಟಿ ಮುಗಿದಿತ್ತು, ಶೆಡ್ಡನ್ನು ಕಿತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆಯೆಳೆದವನು ನಾನೇ.

ರಾಮನು ಸುಗ್ರೀವನನ್ನು ಕೇಳಿದ ಪ್ರಶ್ನೆಯನ್ನೇ ನಾನೂ ಕೇಳಿದೆನು. ರಾಮನು ಉತ್ತರಕ್ಕಾಗಿ ಕಾದನು, ನಾನು ಕಾಯಲಿಲ್ಲ.

ರಜೆ ಮುಗಿಯುವ ಮುನ್ನ ಮೊಮ್ಮಗನನ್ನು ಕರೆದುಕೊಂಡು ಆನೆಗೊಂದಿಗೆ ಹೋದೆನು. ಜನ್ಮವೆಲ್ಲ ಕಿಷ್ಕಿಂಧೆಯನ್ನು ಪಾಠಹೇಳಿದವನು ಅದನ್ನು ಕಂಡುದು ಅದೇ ಮೊದಲು. ಕೆಂಗೇರಿಯನ್ನು ದಾಟಿ ಮೈಸೂರಿನ ರಸ್ತೆಯಲ್ಲಿ ಹೋದರೆ ಸಿಕ್ಕುವ ರಾಮನಗರದ ಬಂಡೆಗಳನ್ನು ನಾವೆಲ್ಲರೂ ನೋಡಿದ್ದೇವೆ. ಆ ಊರಿಗೆ ಬ್ರಿಟಿಷರ ಕಾಲದಲ್ಲಿದ್ದ ಹೆಸರಿನಿಂದ ಅಲ್ಲಿಯ ಕಲ್ಲನ್ನು ಕ್ಲೋಸ್‌ಪೇಟೆ ಗ್ರಾನೈಟೆಂದು ಕರೆಯುತ್ತಾರೆ. ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಆ ಶಿಲೆಯ ಪಟ್ಟಿ ಉತ್ತರಕ್ಕೆ ನೂರಾರು ಮೈಲಿ ಹಬ್ಬಿ ಹಂಪೆಯ ಸೀಮೆಯನ್ನು ಮುಟ್ಟುತ್ತದೆ. ಬಿಸಿಲು ಮಳೆಗಳಿಂದ ಸೀಳಿ, ಅಂಚು ಸವೆದು ಒಂದರ ಮೇಲೊಂದು ನಿಂತ ಗುಂಡುಗಳನ್ನು ಕಂಡ ಮೇಲೆ, ಕಪಿಗಳು ಎಸೆದಾಡಿದ ಬಂಡೆಗಳಿವು ಎಂಬ ಜನರ ಮಾತು ಅಸಹಜವೆನಿಸದು.

ಅಲ್ಲಿ ಕಾವ್ಯದ ಒಂದೊಂದು ಘಟನೆಗೂ ಒಂದೊಂದು ಸ್ಥಳವನ್ನು ತೋರಿಸುತ್ತಾರೆ: ಪಂಪಾಸರೋವರ, ಅಂಜನಾದ್ರಿ, ಸುಗ್ರೀವನ ಗುಹೆ, ಮತಂಗ ಪರ್ವತ. ನಿಂಬಾಪುರದ ಬಳಿಯ ಬೂದಿಯ ದಿಬ್ಬವನ್ನು ವಾಲಿಯ ಚಿತಾಭಸ್ಮವೆನ್ನುತ್ತಾರೆ. ಈ ಸೀಮೆಯ ಇಂಥ ದಿಬ್ಬಗಳನ್ನು ಪರೀಕ್ಷಿಸಿದ ವಿದ್ವಾಂಸರು, ಇವು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ದನಗಾಹಿಗಳು ರಾಶಿಹಾಕಿ ಸುಟ್ಟ ಸಗಣಿಯ ಬೂದಿಯೆಂದು ನಿಶ್ಚಯಿಸಿದ್ದಾರೆ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಕಲ್ಲುಚಪ್ಪಡಿಗಳಿಂದ ಕಟ್ಟಿದ ಮನೆಯಾಕಾರದ ಸಮಾಧಿಗಳು ಸುಮಾರು ೪೦೦ ಇವೆ, ಬೃಹತ್‌ಶಿಲಾಯುಗದವು. ಅಲ್ಲಿಯವರು ಅದನ್ನು ಮೊರ‍್ಯರ ಗುಡ್ಡವೆಂದು ಕರೆದು, ಮೊರ‍್ಯರೆಂಬ ಕುಳ್ಳ ಜನರು ಅವುಗಳಲ್ಲಿ ವಾಸಿಸಿದ್ದರೆಂದು ಕಥೆ ಹೇಳುತ್ತಾರೆ. ನದಿಯ ತೆಂಕಣ ದಡದ ದರೋಜಿಯಲ್ಲಿ ೧೯೯೪ರಿಂದ ಕರಡಿಗಳಿಗೊಂದು ರಕ್ಷಿತ ಧಾಮವಿದೆ. ಮೊಮ್ಮಗನು ಜಾಂಬವಂತನ ಮನೆತನ ಉಳಿದಿದೆಯೆಂದು ಹಿಗ್ಗಿದನು.

ದನ ಕಾಯ್ದವರು, ಸಮಾಧಿ ಕಟ್ಟಿದವರು ಯಾರೆಂದು ಹೆಸರಿಲ್ಲ. ಹೆಸರು ಹೋದವರಿಗೆ ನಾವು ಬಾಲವನ್ನು ಹಚ್ಚುತ್ತೇವೆ, ಇಲ್ಲವೇ ಕುಳ್ಳರನ್ನಾಗಿ ಮಾಡುತ್ತೇವೆ. ಕನ್ನಡದ ನಾಗಚಂದ್ರನು ಹೀಗೆ ಮಾಡಲಿಲ್ಲ. ಪಂಪರಾಮಾಯಣವೆಂದು ಪ್ರಸಿದ್ಧವಾದ ಅವನ ರಾಮಚಂದ್ರಚರಿತಪುರಾಣದಲ್ಲಿ, ಜೈನ ಸಂಪ್ರದಾಯದಂತೆ, ವಾನರರು ಕಪಿಗಳಲ್ಲ. ಧ್ವಜದಲ್ಲಿ ಕಪಿಯ ಚಿಹ್ನೆಯುಳ್ಳ ವಿದ್ಯಾಧರರು. ವಾಲ್ಮೀಕಿಯಲ್ಲಿಯೂ ಹನುಮಂತನು ಮೊದಲ ಸಲ ಮಾತನಾಡಿದಾಗ ರಾಮನು, ಇವನು ವೇದಗಳನ್ನೂ ವ್ಯಾಕರಣವನ್ನೂ ಚೆನ್ನಾಗಿ ಕಲಿತವನು, ಇಷ್ಟು ಮಾತಿನಲ್ಲಿ ಒಂದು ಅಪಶಬ್ದವೂ ಇಲ್ಲ ಎಂದು ಲಕ್ಷ್ಮಣನಿಗೆ ಹೇಳುತ್ತಾನೆ. ಈ ಸರ್ಗವನ್ನು ವರ್ಷವರ್ಷವೂ ಪಾಠಹೇಳಿದ ಬಾಯಿಂದಲೇ ನಾನು ಆ ಹುಡುಗನನ್ನು ಹೀಯಾಳಿಸಿದ್ದೆನು.

ಮತಂಗ ಪರ್ವತವನ್ನು ನಾನು ಅರ್ಧಕ್ಕಿಂತ ಮೇಲೆ ಹತ್ತಲಾರದೆ ಒಂದು ಬಂಡೆಯ ನೆರಳಿನಲ್ಲಿ ಕುಳಿತೆನು. ಅಟ್ಟಿಸಿಕೊಂಡು ಬಂದವನು ಕಾಲಿಡಲಾಗದ ಒಂದು ನೆಲ ಭೂಮಂಡಲದಲ್ಲಿ ಸುಗ್ರೀವನಿಗೆ ದೊರಕಿತು. ಶಾಲೆಯೂ ಅಂಥ ನೆಲವಾಗಬೇಕಾಗಿತ್ತು. ಮೊಮ್ಮಗನಿಗೆ ಆ ಹುಡುಗನ ಸಂಗತಿಯನ್ನು ಅಲ್ಲಿಯೇ ಹೇಳಿದೆನು.

ಊರಿಗೆ ಬಂದ ಮೇಲೆ ಅವನು ದೊಡ್ಡ ಕಾಗದದ ಮೇಲೆ ಸುಗ್ರೀವನ ನಕ್ಷೆಯನ್ನು ಬರೆದನು. ನಾನು ಹೇಳಿದಂತೆ ನಾಲ್ಕು ಅಂಚಿನಲ್ಲಿಯೂ ‘ಮುಂದೆ ತಿಳಿಯದು’ ಎಂದು ಸೇರಿಸಿದನು. ಆಮೇಲೆ ತಾನಾಗಿಯೇ ಬೆಂಗಳೂರಿನಿಂದ ಗಂಗಾವತಿಯವರೆಗೆ ಒಂದು ದಾರಿಯನ್ನು ಎಳೆದು, “ಆ ಹುಡುಗ ಆಮೇಲೆ ಎಲ್ಲಿಗೆ ಹೋದ, ತಾತ?” ಎಂದನು.

ತಿಳಿಯದು, ಮಗು, ಎಂದೆನು. ಬೇರೆ ಏನನ್ನು ಹೇಳಿದರೂ ಅದು ಸುಳ್ಳಾಗುತ್ತಿತ್ತು.