ಲುವಾ, ತೂಕದ ಯಂತ್ರ ಮತ್ತು ತಪ್ಪಿಹೋದ ಜಾತ್ರೆ

ಇಲ್ಲಿ ಏನೂ ಬರೆಯದೆ ಎರಡು ತಿಂಗಳಾಯ್ತು. ಕಾರಣ ಆಫೀಸು. ಬೈಬೇಡಿ, ಇವತ್ತು ಅದರದ್ದೇ ಕಥೆ ಹೇಳ್ತೀನಿ.

ನಾನು ನೋಡಿಕೊಳ್ಳೋದು ಕಾರ್ಖಾನೆಗಳಲ್ಲಿ ಪ್ಯಾಕೆಟ್ ತೂಗುವ ಯಂತ್ರದ ಸಾಫ್ಟ್‌ವೇರ್. ಸಿ ಪ್ಲಸ್ ಪ್ಲಸ್ ಕೋಡು, ನಾನು ಎಸ್ಸೆಸ್ಸೆಲ್ಸಿ ಬರೆಯೋಕೂ ಮೊದಲೇ ಯಾರೋ ಶುರು ಮಾಡಿದ್ದು. ತೂಕ ಎಷ್ಟು ಕಮ್ಮಿಯಾದ್ರೆ ಪ್ಯಾಕೆಟ್ಟನ್ನು ಪಕ್ಕಕ್ಕೆ ತಳ್ಳಬೇಕು ಅನ್ನೋ ನಿಯಮ ಒಬ್ಬೊಬ್ಬ ಗಿರಾಕಿಗೆ ಒಂದೊಂದು. ನಿಯಮ ಬದಲಾದಾಗಲೆಲ್ಲ ನಾನು ಇನ್ನೊಂದು 'ಇಫ್' ಸೇರಿಸಿ, ಬಿಲ್ಡ್ ಮಾಡಿ, ಟೆಸ್ಟ್ ಮಾಡಿ ಕಳಿಸಬೇಕು. ಇಂಥದ್ದೇ ಒಂದು ಇಫ್‌ಗಾಗಿ ಹೋದ ವರ್ಷ ಊರ ಜಾತ್ರೆ ತಪ್ಪಿತು. ಅಮ್ಮ ಫೋನಲ್ಲಿ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿದ್ದು.

ಆಗಲೇ ತೀರ್ಮಾನ ಮಾಡಿದೆ, ನಿಯಮಗಳು ಹೊರಗೆ ಬರಬೇಕು, ಅವನ್ನು ಓಡಿಸೋಕೆ ಲುವಾ ಒಳಗೆ ಹೋಗಬೇಕು.

ಲುವಾ ಹುಟ್ಟಿದ್ದು 1993ರಲ್ಲಿ, ಬ್ರೆಜಿಲ್ಲಿನ ಪಿಯುಸಿ-ರಿಯೋ ವಿಶ್ವವಿದ್ಯಾಲಯದಲ್ಲಿ (ನಮ್ಮ ಪಿಯುಸಿ ಅಲ್ಲ!). ತೈಲ ಕಂಪನಿ ಪೆಟ್ರೊಬ್ರಾಸ್‌ಗಾಗಿ ಮಾಡಿದ ಪ್ರೋಗ್ರಾಮುಗಳನ್ನು ಅಲ್ಲಿನವರೇ ತಿದ್ದಿಕೊಳ್ಳುವಂತಿರಬೇಕು ಅನ್ನೋ ಅಗತ್ಯದಿಂದ ಬಂದದ್ದು. ಪೋರ್ಚುಗೀಸಿನಲ್ಲಿ ಲುವಾ ಅಂದ್ರೆ ಚಂದ್ರ. ಅದಕ್ಕೂ ಮುಂಚಿನ ಭಾಷೆಯ ಹೆಸರು ಸೋಲ್, ಅಂದ್ರೆ ಸೂರ್ಯ. ಆ ಹೆಸರೇ ಉಳಿದಿದ್ರೆ ನಮ್ಮ ಮ್ಯಾನೇಜರನ್ನು ಒಪ್ಪಿಸೋದು ಕಷ್ಟ ಇತ್ತು ಬಿಡಿ.

ಸೇರಿಸೋದೇನೋ ಸುಲಭ. ಇಡೀ ಭಾಷೆ ಕೆಲವು ನೂರು ಕೆಬಿ, ಶುದ್ಧ ಸಿ. ಎರಡೂ ಕಡೆಯವರು ಮಾತಾಡೋದು ಒಂದು ಸ್ಟ್ಯಾಕ್ ಮೂಲಕ, ಮದುವೆ ಮನೆಯಲ್ಲಿ ತಟ್ಟೆ ಪೇರಿಸಿದ ಹಾಗೆ. ಮೊದಲು ಫಂಕ್ಷನ್ ಇಡಬೇಕು, ಮೇಲೆ ತೂಕ ಇಡಬೇಕು, ಕರೀಬೇಕು. ಎರಡನ್ನೂ ಎತ್ತಿಕೊಂಡು ಉತ್ತರದ ತಟ್ಟೆ ಇಟ್ಟು ಹೋಗುತ್ತೆ. ಬರೀ 'ಕಾಲ್' ಅಂತ ಕರೆದ್ರೆ ಸ್ಕ್ರಿಪ್ಟಿನ ಒಂದು ತಪ್ಪಿಗೆ ಇಡೀ ಪ್ರೋಗ್ರಾಮೇ ಮಲಗುತ್ತೆ, 'ಪಿ-ಕಾಲ್' ಅಂತ ಕರೆದ್ರೆ ತಪ್ಪು ಸಂದೇಶವಾಗಿ ವಾಪಸ್ ಬರುತ್ತೆ. ಇದನ್ನು ಹೇಗೆ ಕಲಿತೆ ಅಂತ ಕೇಳಬೇಡಿ...

ನಮ್ಮ ಸಪೋರ್ಟಿನ ಹಿರಿಯರೊಬ್ಬರಿದ್ದಾರೆ, ಡಿಪ್ಲೊಮಾ ಮಾಡಿದವರು. ಅರ್ಧ ದಿನದಲ್ಲಿ ಲುವಾ ಕಲಿತರು. ಇದರಲ್ಲಿ ಎಣಿಕೆ ಸೊನ್ನೆಯಿಂದಲ್ಲ, ಒಂದರಿಂದ ಅಂತ ನಾನು ಸಂಕೋಚದಿಂದ ಹೇಳಿದ್ರೆ, "ಮತ್ತೆ ಇನ್ನೆಲ್ಲಿಂದ ಎಣಿಸ್ತಾರಪ್ಪ?" ಅಂದ್ರು.

ಮೂರು ವಾರ ಆಗಿರಬೇಕು. ಗಿರಾಕಿಯ ಕಾರ್ಖಾನೆಯಲ್ಲಿ ಬೆಲ್ಟ್ ಓಡ್ತಿದೆ, ಪ್ಯಾಕೆಟ್ ಸಾಲಾಗಿ ಬರ್ತಿವೆ, ಸ್ಕ್ರೀನ್ ಮಾತ್ರ ಅಲ್ಲಾಡ್ತಿಲ್ಲ. ಅವರು ಬರೆದ ಲೂಪಿನಲ್ಲಿ ಎಣಿಕೆ ಏರಿಸುವ ಸಾಲು ಬಿಟ್ಟುಹೋಗಿತ್ತು. ಪಿ-ಕಾಲ್ ಇದನ್ನು ಹಿಡಿಯೋದಿಲ್ಲ, ಮುಗಿಯದ ಲೂಪು ಲುವಾ ಲೆಕ್ಕದಲ್ಲಿ ತಪ್ಪೇ ಅಲ್ಲ. ಎಲ್ಲರೆದುರು ಬೈಸಿಕೊಂಡದ್ದು ಅವರು. ರಾತ್ರಿ ಫೋನ್ ಮಾಡಿ, "ನಂದೇ ತಪ್ಪು ಕಣಪ್ಪ. ಇನ್ಮೇಲೆ ನೀನೇ ಬರೆದುಕೊಡು" ಅಂದ್ರು.

ನಿದ್ದೆ ಬರಲಿಲ್ಲ. ತಪ್ಪು ಅವರದ್ದಲ್ಲ. ಗಾಡಿ ಕೊಟ್ಟವನು ನಾನು, ಬ್ರೇಕ್ ಹಾಕಿರಲಿಲ್ಲ.

ಮರುದಿನ ಹುಕ್ ಹಾಕಿದೆ. ಇಷ್ಟು ಸಾವಿರ ಸೂಚನೆ ಓಡಿದ ಮೇಲೆ ಲುವಾ ನನ್ನ ಫಂಕ್ಷನ್ ಕರೆಯುತ್ತೆ, ಸಮಯ ಮೀರಿದ್ರೆ ಅದು ಎರರ್ ಎಬ್ಬಿಸುತ್ತೆ. ಆ ಪ್ಯಾಕೆಟ್ ಪಕ್ಕಕ್ಕೆ, ಯಂತ್ರ ಮುಂದಕ್ಕೆ. ಫೈಲು, ಓಎಸ್ ಮುಟ್ಟುವ ಲೈಬ್ರರಿಗಳನ್ನೂ ಕಿತ್ತೆ. ಆಮೇಲೆ ಅವರ ಹತ್ರ ಹೋಗಿ, "ಸಾರ್, ಬೇಕಂತಲೇ ಅದೇ ಲೂಪ್ ಬರೀರಿ" ಅಂದೆ. ನಂಬಿಕೆಯಿಲ್ಲದೆ ಬರೆದರು. '23ನೇ ಸಾಲು, ಸಮಯ ಮೀರಿದೆ' ಅಂತ ಬಂತು. ಏನೂ ಮಾತಾಡದೆ ಇನ್ನೊಂದು ಸಲ ಓಡಿಸಿ ನೋಡಿದರು.

ಈ ಸಲ ಜಾತ್ರೆಗೆ ಹೋಗಿದ್ದೆ. ತೇರು ಎಳೆಯೋ ಹೊತ್ತಿಗೆ ಸರಿಯಾಗಿ ಅವರ ಮೆಸೇಜು, ಎದೆ ಧಸಕ್ ಅಂತು. ನೋಡಿದ್ರೆ ಹೊಸ ನಿಯಮದ ಫೈಲು, ಸುಮ್ನೆ ನೋಡಲಿ ಅಂತ ಕಳಿಸಿದ್ದರು. ಮೊದಲ ಸಾಲಲ್ಲಿ ಕನ್ನಡದಲ್ಲೇ ಕಾಮೆಂಟು: "ಇದು ಓಡ್ತಾ ಇದೆ, ಯಾರೂ ಮುಟ್ಟಬೇಡಿ."